ನಿಲ್ಲದ ಮಿಲ್ಲಿನ ಬೇರಿಂಗು

ಒಂದೂರಲ್ಲಿ ಒಬ್ಬ ಶ್ರೀಮಂತ. ತುಂಗಭದ್ರೆಯ ಕಾಲುವೆ ನೀರುಣ್ಣುವ ಊರು. ಅವನಿಗೆ ಹೆಮ್ಮೆ ಎರಡು: ಒಂದು ಮೀಸೆ, ಇನ್ನೊಂದು ಅಕ್ಕಿ ಮಿಲ್ಲು. ಮೀಸೆ ಬಾಗಿದ್ದಿಲ್ಲ, ಮಿಲ್ಲು ನಿಂತದ್ದಿಲ್ಲ. ಸುಗ್ಗಿಯಲ್ಲಿ ಬೆಲ್ಟು ಜಾರಿದರೆ ತಾನೇ ನಿಂತು ಬಿಗಿ ಮಾಡಿಸುತ್ತಿದ್ದ. ನಾಲ್ಕು ಚೀಲ ಸುರಿಯುವಲ್ಲಿ ಆರು ಸುರಿಸುತ್ತಿದ್ದ. ಬಂದವರಿಗೆಲ್ಲ ಒಂದೇ ಮಾತು: "ಇಪ್ಪತ್ತಾರು ದಿನ ಆತು, ನಮ್ಮ ಮಿಲ್ಲು ಉಸ್ ಅಂದಿಲ್ಲ!"

ಇಪ್ಪತ್ತೇಳನೆಯ ದಿನ ಉಸ್ ಎಂದದ್ದು ಮಿಲ್ಲಲ್ಲ, ಅದರ ಯಂತ್ರ ನೋಡಿಕೊಳ್ಳುವ ಮುದುಕ ಫಿಟ್ಟರು, ಅದೂ ಬೇರಿಂಗಿನ ಹತ್ತಿರ ನಿಂತು. ಬೇರಿಂಗು ಅಂದರೇನು? ಒಂದು ಉಕ್ಕಿನ ಬಳೆ, ಅದರ ಸುತ್ತ ಸಾಲಾಗಿ ಉರುಳೆಗಳು. ಇಡೀ ಮಿಲ್ಲಿನ ಭಾರ ಹೊತ್ತು ತಿರುಗುವುದು ಅದೇ. ಮುದುಕ ಕೋಲಿನ ಒಂದು ತುದಿಯನ್ನು ಅಲ್ಲಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟ.

"ಧಣೀ, ಒಳಗ ಟಕ್ ಟಕ್ ಅನ್ನಾಕತ್ತೈತ್ರಿ. ನಿಲ್ಲಸ್ರಿ."

ಧಣಿ ಬಿಡುತ್ತಾನೆಯೇ? ಬಂದ ಅತಿಥಿಗಳ ಎದುರೇ ಕೋಲು ಕಸಿದು, ಬಸುರಿಯ ಹೊಟ್ಟೆ ನೋಡುವ ಸೂಲಗಿತ್ತಿಯಂತೆ ಕಿವಿಗಿಟ್ಟು, ಕಣ್ಣು ಮೇಲೆ ಮಾಡಿ, ಮುದುಕನ ನಡುಗುವ ದನಿಯಲ್ಲೇ, "ಧಣೀ... ಅವಳಿ ಅದಾವ್ರೀ..." ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುದುಕ ನಗಲಿಲ್ಲ. "ಇದರ ಕೆಳಗ ತೌಡು ಬಳಿಯೋ ಹೆಣ್ಮಕ್ಕಳು ಕುಂತಾರ್ರಿ. ಬಿಚ್ಚಿ ತೋರಸ್ತೀನಿ. ಬಿರುಕಿಲ್ಲಂದ್ರ ನಾಳಿಂದ ನಾ ಬರಂಗಿಲ್ಲ."

"ಆಗ್ಲಿ. ನಿನ್ನ ಕಿವಿಯರ ಸೋಲಬೇಕು, ನನ್ನ ಮಿಲ್ಲರ ಸೋಲಬೇಕು!"

ಮಿಲ್ಲು ನಿಂತಿತು. ಬೇರಿಂಗು ಬಿಚ್ಚಿ ಒರೆಸಿದರೆ ಬಳೆ ಕನ್ನಡಿ! ಧಣಿ ಬಗ್ಗಿ ನೋಡಿದ, ತನ್ನ ಮೀಸೆಯೇ ಕಂಡಿತು. "ಎಲ್ಲೈತೋ ಬಿರುಕು?"

ಮುದುಕ ಬಳೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿದ. ಚೆನ್ನಾಗಿ ಒರೆಸಿದ. ಹಣೆಗೆ ವಿಭೂತಿ ಬಳಿದಂತೆ ಅದಕ್ಕೆ ಸೀಮೆಸುಣ್ಣ ತೇಯ್ದು ಬಳಿದು, ಸುಮ್ಮನೆ ಕೂತ. ನೋಡಿ, ಸುಣ್ಣ ಆರಿದ ಮೇಲೆ ಬಿಳುಪಿನಲ್ಲಿ ಕೂದಲೆಳೆಯಂಥ ಒಂದು ಗೆರೆ ಮೂಡಿತು. ಮೀಸೆಯ ಕೂದಲೇ ಉದುರಿತೆಂದು ಧಣಿ ಊದಿದ. ಹಾರಲಿಲ್ಲ. ಮತ್ತೆ ಊದಿದ. ಹಾರಲಿಲ್ಲ. ಬಿರುಕಿನೊಳಗೆ ಹೊಕ್ಕ ಎಣ್ಣೆ ಜಿನುಗಿ ಬರೆದ ಗೆರೆ ಅದು, ಎಲ್ಲಿ ಹಾರೀತು?

"ಯಾರು ಮಾಡಿದ್ದಿದು?"

"ನೀವೇ ಧಣಿ. ಬೆಲ್ಟು ಬಿಗದ್ರಿ, ಭಾರ ಹೇರಿದ್ರಿ. ಉರುಳಿ ಸುತ್ತಿ ಸುತ್ತಿ ಅದೇ ಜಾಗಾ ಒತ್ತತೈತಿ. ಬಿರುಕು ಮದಲು ಚರ್ಮದ ಕೆಳಗ ಹುಟ್ಟತೈತ್ರಿ. ಮ್ಯಾಲಿನ ಹೊಳಪು ಹಂಗೇ ಇರತೈತಿ."

ಧಣಿ ತೌಡು ಬಳಿಯುವವರ ಕಡೆ ನೋಡಿದ. ಬಾಯಲ್ಲಿದ್ದ ನಗು ಅಲ್ಲೇ ಒಣಗಿತು.

ಹೊಸ ಬೇರಿಂಗು ಕೂತಿತು, ಬೆಲ್ಟು ಹದಕ್ಕೆ ಬಂತು. ಆ ಬಳೆಯನ್ನು ಧಣಿ ಬಾಗಿಲಿಗೆ ತೂಗುಹಾಕಿಸಿದ. ಬಂದವರಿಗೆಲ್ಲ ಮೀಸೆ ತೀಡಿ ಹೇಳುತ್ತಿದ್ದ: "ಇದು ಇಪ್ಪತ್ತೇಳನೇ ದಿನ ನಾ ನಿಲ್ಲಿಸಿದ ಮಿಲ್ಲು! ಇಂಥಾ ಕಿವಿ ಸುತ್ತ ಹತ್ತೂರಾಗ ಇಲ್ಲ, ನಮ್ಮಲ್ಲೈತಿ!"

ಕತೆ ಕೇಳಲು ಈ ಅಂಗಳದಲ್ಲಿ ಕೂತ ಹಿರಿಯರೇ, ನಕ್ಕಿರಲ್ಲವೇ? ಈಗ ಹೇಳಿ, ಧಣಿ ಯಾರು? "ನಮ್ಮ ಸೊಸಿ ಗಟ್ಟಿಗಿತ್ತಿ, ಒಂದು ದಿನ ಉಸ್ ಅಂದಿಲ್ಲ" ಎಂದು ಇದೇ ಅಂಗಳದಲ್ಲಿ ಹೋದ ವಾರ ಮೀಸೆ ತೀಡಿದವರು ಯಾರು? ಮುಖ ಹೊಳೆದರೆ ಒಳಗೆ ಬಿರುಕಿಲ್ಲ ಎಂದೇ? ಹೆಮ್ಮೆ ಬೇಡ ಎನ್ನುವುದಿಲ್ಲ, ಇರಲಿ. ನಿಲ್ಲಲಿಲ್ಲ ಎಂಬ ಹೆಮ್ಮೆ ಬಿಟ್ಟು, ನಿಲ್ಲಿಸಿದೆ ಎಂಬ ಹೆಮ್ಮೆ ಪಡಿ. ಮನೆಗೆ ಹೋದ ಕೂಡಲೇ "ನೀರು!" ಎಂದು ಕೂಗಬೇಡಿ. ನೀವೇ ತುಂಬಿಕೊಳ್ಳಿ, ಇನ್ನೊಂದು ತಂಬಿಗೆ ಸೊಸೆಗೂ ಕೊಡಿ. ವಾರಕ್ಕೊಂದು ಹೊತ್ತು ಒಲೆಯ ಮುಂದೆ ನೀವು ನಿಲ್ಲಿ. "ಹೆಂಗದೀಯವ್ವಾ?" ಎಂದು ಕೇಳಿ. "ಏನಿಲ್ಲ" ಎಂದಳೋ, ಎದ್ದು ಹೋಗಬೇಡಿ.

ಕೋಲು ಹಿಡಿದ ಆ ಮುದುಕನ ಹಾಗೆ, ಕಿವಿ ಕೊಟ್ಟು ಕೂತಿರಿ.