ಕೀಳದೆ ಬಿಟ್ಟ ಶಂಖಪುಷ್ಪ

ಊರಿನ ಹೆಸರು ಬೇಡ, ನಿಮ್ಮ ಬೀದಿಯೇ ಅಂದುಕೊಳ್ಳಿ. ಅಲ್ಲೊಬ್ಬ ಶ್ರೀಮಂತ. ಅವನ ಹೆಂಡತಿ ಕಾಯಿಲೆ ಬಿದ್ದಳು. ಡಾಕ್ಟರಿಗೆ ತೋರಿಸಿದ, ಔಷಧಿ ಕೊಡಿಸಿದ, ಜೊತೆಗೆ ಒಂದು ಹರಕೆಯನ್ನೂ ಹೊತ್ತ. ನಲವತ್ತೆಂಟು ದಿನ, ದಿನಕ್ಕೆ ನೂರೆಂಟು ಶಂಖಪುಷ್ಪ, ಶಿವನಿಗೆ. ಅದೂ ತನ್ನ ಮನೆಯ ಬಳ್ಳಿಯದೇ ಆಗಬೇಕು, ಪೇಟೆಯದು ನಡೆಯದು.

ಬಳ್ಳಿಗೇನು, ಕಾಂಪೌಂಡಿನ ಉದ್ದಕ್ಕೂ ಹಬ್ಬಿತ್ತು. ದಿನಾ ಇನ್ನೂರು ಮುನ್ನೂರು ಹೂವು. ಆದರೆ ನೋಡಿ, ಬೀದಿಯ ಕಡೆ ಬಿಟ್ಟದ್ದು ಅವನ ಕೈಗೆ ಸಿಗುತ್ತಿರಲಿಲ್ಲ. ಬೆಳಿಗ್ಗೆ ಪ್ಲಾಸ್ಟಿಕ್ ಕವರ್ ಹಿಡಿದು ವಾಕಿಂಗ್ ಹೋಗುವ ಭಕ್ತರು ಗೊತ್ತಲ್ಲ ನಿಮಗೆ? ಯಾಕೆ ನಗುತ್ತೀರಿ? ಇಲ್ಲಿ ಕೂತವರಲ್ಲೇ ನಾಲ್ಕು ಜನ ಇದ್ದೀರಿ.

ಹರಕೆಯ ಮೊದಲ ದಿನವೇ ಅವನು ಒಬ್ಬ ಅಜ್ಜಿಯನ್ನು ಹಿಡಿದ.

“ಏನಮ್ಮಾ, ನಾಚಿಕೆ ಆಗಲ್ವಾ? ಕದ್ದ ಹೂವಲ್ಲಿ ಪೂಜೆನಾ?”

“ಎಲ್ಲಿಂದ ತಂದೆ ಅಂತ ಶಿವ ಕೇಳಲ್ಲ ಸಾಹುಕಾರ್ರೇ. ನೀವೊಬ್ಬರೇ ಕೇಳೋದು.”

ಅವನಿಗೆ ರೇಗಿತು. ಸಂಜೆಯೊಳಗೆ ಬೀದಿಯ ಕಡೆಗೆ ಆಳೆತ್ತರದ ಬಲೆ ಬಿತ್ತು.

ಒಂದು ವಾರ ಹೂವೋ ಹೂವು! ನೂರೆಂಟು ಎಣಿಸಿ ಕಿತ್ತ, ಮಿಕ್ಕದ್ದನ್ನು ಮುಟ್ಟಲಿಲ್ಲ. ಯಾರಿಗೂ ಕೊಡಲಿಲ್ಲ, ತಾನೂ ಕೀಳಲಿಲ್ಲ. ನನ್ನದು ನನ್ನ ಬಳ್ಳಿಯಲ್ಲೇ ಇರಲಿ ಅಂದುಕೊಂಡ. ಮೂರನೇ ವಾರಕ್ಕೆ ನೂರೆಂಟು ಸಿಗುವುದೇ ಕಷ್ಟವಾಯಿತು. ಗೊಬ್ಬರ ಹಾಕಿದ, ಕಡಲೆ ಹಿಂಡಿ ನೆನೆಸಿ ಸುರಿದ, ದೃಷ್ಟಿಯಾಗಿದೆ ಅಂತ ಬೂದುಗುಂಬಳ ಕಟ್ಟಿದ. ಹೂವು ಐವತ್ತನಾಲ್ಕಕ್ಕೆ ಇಳಿಯಿತು. ಆಗ ಏನು ಮಾಡಿದ ಗೊತ್ತಾ? ಒಂದೊಂದನ್ನೂ ಎರಡಾಗಿ ಸೀಳಿ ನೂರೆಂಟು ಮಾಡಿದ. ದೇವರ ಮುಂದೆ!

ಹಾಸಿಗೆಯಲ್ಲಿದ್ದ ಹೆಂಡತಿ ತಟ್ಟೆ ನೋಡಿದಳು. “ಇದೇನ್ರೀ, ಹರಿದ ಹೂವು? ನನ್ನ ಆಯಸ್ಸನ್ನೂ ಹೀಗೇ ಅರ್ಧ ಮಾಡಿ ಕೊಡು ಅಂತ ಕೇಳ್ಕೊಳ್ತಿದ್ದೀರಾ?”

ಅವನು ಚಪ್ಪಲಿ ಮೆಟ್ಟಿ ಸೀದಾ ಬೀದಿಗೆ ಹೋದ. ಅಜ್ಜಿ ಇನ್ಯಾರದೋ ಕಾಂಪೌಂಡಿನ ದಾಸವಾಳಕ್ಕೆ ಕೈ ಹಾಕಿದ್ದಳು.

“ಅಮ್ಮಾ, ಒಂದ್ಸಲ ಬಂದು ನಮ್ಮ ಬಳ್ಳಿ ನೋಡು.”

ಅಜ್ಜಿ ಬಂದಳು, ಎಲೆ ಸರಿಸಿದಳು. ಒಳಗೆಲ್ಲ ಚಪ್ಪಟೆ ಕಾಯಿಗಳು ನೇತಾಡುತ್ತಿದ್ದವು.

“ಇದಕ್ಕೆ ಬೂದುಗುಂಬಳ ಬೇರೆ ಕಟ್ಟಿದ್ದೀರಾ! ಹೂ ಕೀಳದೆ ಬಿಟ್ರೆ ಕಾಯಿ ಕಟ್ಟುತ್ತೆ. ಕಾಯಿ ಬಲಿತರೆ ಬಳ್ಳಿ ತನ್ನ ಕೆಲಸ ಮುಗೀತು ಅನ್ಕೊಳ್ಳುತ್ತೆ, ಇನ್ಯಾಕೆ ಹೂ ಬಿಡುತ್ತೆ? ನಾವು ಕೀಳ್ತಿದ್ವಿ, ಅದು ಬಿಡ್ತಿತ್ತು.”

ಇಬ್ಬರೂ ಕೂಡಿ ಕಾಯಿ ಕಿತ್ತರು, ಒಣಗಿದ ತುದಿ ಕತ್ತರಿಸಿದರು. ಬಲೆಯನ್ನು ಅವನೇ ಬಿಚ್ಚಿದ. ಇಪ್ಪತ್ತು ದಿನಕ್ಕೆ ಹೊಸ ಚಿಗುರು ಬಂತು, ಹೂವೂ ಬಂತು.

“ಹರಕೆ ಎಷ್ಟನೇ ದಿನಕ್ಕೆ ನಿಂತಿತ್ತು?” ಅಂದಳು ಹೆಂಡತಿ.

“ಅದನ್ನ ಬಿಡು. ಒಂದರಿಂದ ಶುರು ಮಾಡ್ತೀನಿ.”

ಮಾಡಿದ. ನಲವತ್ತೆಂಟು ದಿನ, ಗೇಟು ತೆರೆದಿಟ್ಟೇ ಮಾಡಿದ. ಮೊದಲು ನೂರೆಂಟು ಶಿವನಿಗೆ, ಉಳಿದದ್ದು ಬಂದವರಿಗೆ. ಬಳ್ಳಿಯಲ್ಲಿ ಒಂದೂ ಉಳಿಯಬಾರದು, ಅದು ಅಜ್ಜಿಯ ಕಟ್ಟಪ್ಪಣೆ.

ಹೆಂಡತಿ ಎದ್ದು ಓಡಾಡಿದಳು. ಔಷಧಿಯಿಂದ. ಹೂವಿನಿಂದ ಅಂತ ನಾನು ಸುಳ್ಳು ಹೇಳುವುದಿಲ್ಲ. ಕದ್ದು ಕೀಳಿ ಅಂತಲೂ ಹೇಳುತ್ತಿಲ್ಲ, ಕೇಳಿ ಕೀಳಿ.

ಈಗ ನಿಮ್ಮ ವಿಷಯ. ನಿಮ್ಮಲ್ಲೊಬ್ಬರಿಗೆ ಹೊಲಿಗೆ ಗೊತ್ತು. ಪಕ್ಕದ ಮನೆ ಹುಡುಗಿ ಕಲಿಸಿ ಅಂದರೆ, ನನ್ನ ಗಿರಾಕಿ ಹೋಗ್ತಾರೆ ಅನ್ನುತ್ತೀರಿ. ಒಬ್ಬರು ಹಪ್ಪಳದ ಹದವನ್ನು ಸ್ವಂತ ಸೊಸೆಗೂ ಹೇಳುವುದಿಲ್ಲ. ಒಬ್ಬರು ಮೇಷ್ಟ್ರು, ಟ್ಯೂಷನ್‌ಗೆ ಬಾರದ ಮಕ್ಕಳು ಸಂಶಯ ಕೇಳಿದರೆ ಗಡಿಯಾರ ನೋಡುತ್ತೀರಿ. ಬಚ್ಚಿಟ್ಟರೆ ವಿದ್ಯೆ ಉಳಿಯುತ್ತದೆಯೇ? ನಿಮ್ಮನ್ನೇ ಕೇಳಿಕೊಳ್ಳಿ, ನೀವು ಹೊಸದಾಗಿ ಒಂದು ರವಿಕೆಯ ಮಾದರಿ ಕಲಿತು ಎಷ್ಟು ವರ್ಷವಾಯಿತು? ಹೊಸ ಲೆಕ್ಕ ಬಿಡಿಸಿ ಎಷ್ಟು ವರ್ಷವಾಯಿತು?

ಯಾರಿಗೆ ಇಲ್ಲ ಅಂದಿರಿ? ಹೆಸರು ಈಗ ನೆನಪಾಯಿತಲ್ಲ? ಅವರೇ. ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗಿ. ಮತ್ತೆ ಕೇಳಲಿ ಅಂತ ಕಾಯಬೇಡಿ, ಒಮ್ಮೆ ಕೇಳಿ ಆಗಿದೆ. ‘ಬಾ, ಕಲಿಸ್ತೀನಿ’ ಅನ್ನಿ. ಅಷ್ಟು ಹೇಳಿ ಬರುವವರೆಗೆ ದೇವರ ಮುಂದೆ ದೀಪ ಹಚ್ಚಬೇಡಿ.