ಮೂರು ಕೂಗಿನ ಹಾಜರಿ

ದತ್ತಮಂದಿರದ ಭಜನೆ ಮುಗಿಸಿ ಏಕನಾಥರು ಹೊರಟಾಗ ರಾತ್ರಿ ಒಂಬತ್ತೂವರೆ. ಸೊಸೈಟಿಯ ಹಿಂದಿನ ಗೇಟಿನಿಂದ ಬಂದರೆ ಮನೆ ಹತ್ತಿರ. ಆದರೆ ಆ ದಾರಿ ಬಾವಿ ಹಾಯ್ದು ಬರುತ್ತದೆ…

ಬಾವಿ ಅಂದರೆ ಈಗ ಬಾವಿ ಇಲ್ಲ. ಆಲದ ಮರದ ಬುಡಕ್ಕೆ ದುಂಡನೆಯ ಹುಲ್ಲುಹಾಸು, ಸುತ್ತ ವಾಕಿಂಗ್ ಟ್ರ್ಯಾಕ್. ಹಳಬರು ಮಾತ್ರ ಇನ್ನೂ ಬಾವಿ ಅನ್ನುತ್ತಾರೆ. ಆ ಹುಲ್ಲು ಐದು ಕಡೆ ನಿಲ್ಲುವುದಿಲ್ಲ. ಐದು ಉದ್ದನೆಯ ಬೋಳು. ತೋಟ ನೋಡಿಕೊಳ್ಳುವ ಮುಕ್ತಾ ಪ್ರತಿ ಮಳೆಗಾಲ ಹೊಸ ಹುಲ್ಲು ಹಾಸುತ್ತಾಳೆ. ದೀಪಾವಳಿಯೊಳಗೆ ಒಣಗುತ್ತದೆ.

ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ. ಮಗರಪಟ್ಟಾ ದಾಟಿ ಸೋಲಾಪುರ ರಸ್ತೆಯಲ್ಲಿ ಬರುವ ಆ ಸೊಸೈಟಿಯಲ್ಲಿ, ನಮ್ಮ ಅಮ್ಮನ ಚಿಕ್ಕಮ್ಮ ಇಂದೂ ಅಜ್ಜಿಯ ಮನೆಯಲ್ಲಿ ನಡೆದದ್ದು. ಏಕನಾಥರು ಅವಳ ಗಂಡ. ಬೆಳಗಾವಿ ಕಡೆಯವರು, ಹರೆಯದಿಂದಲೂ ಪುಣೆಯಲ್ಲೇ ಸರಕಾರಿ ನೌಕರಿ.

ಅಂದು ಬೆಳಿಗ್ಗೆ ಮುಕ್ತಾ ಅವರ ಬಾಗಿಲಿಗೆ ಬಂದಿದ್ದಳು. ಅವಳ ತಾಯಿ ಅಕ್ಕಲಕೋಟದವಳು, ಹಾಗಾಗಿ ಕನ್ನಡ ಬರುತ್ತಿತ್ತು. ಕೈಯಲ್ಲಿ ಹಳೆಯ ಹಾಜರಿ ಪಟ್ಟಿಯ ಝೆರಾಕ್ಸ್.

"ಆಜೋಬಾ, ಈ ಸಹಿ ನಿಮ್ಮದ ಹೌದಲ್ರಿ? ಬಾಗಲ ಮ್ಯಾಲಿನ ಹೆಸರು ನೋಡಿ ಬಂದೆ."

"ಇರಬಹುದು."

"ಇದರಾಗ ನಮ್ಮಜ್ಜನ ಹೆಸರದ. ಧೋಂಡಿಬಾ. ಮುಂದ ಗೈರಹಾಜರ್ ಅಂತ ಬರದೀರಿ. ಓಡಿ ಹೋದವನ ಹೊಲದ ಪರಿಹಾರ ನಿಮಗ್ಯಾಕ ಅಂತ ಇವತ್ತಿಗೂ ಕಚೇರ್ಯಾಗ ಕೇಳ್ತಾರ. ಅಂವ ಓಡಿ ಹೋಗಿಲ್ಲ, ಇಲ್ಲೇ ಸತ್ತಾನ ಅಂತ ಒಂದು ಮಾತು ಬರದು ಕೊಡ್ರಿ. ಅಷ್ಟ ಸಾಕು."

"ನನಗೇನೂ ನೆನಪಿಲ್ಲ."

"ನಮ್ಮಜ್ಜಿ ಸಾಯೋತನಕ ಕುಂಕುಮ ಅಳಸಲಿಲ್ರಿ. ದಿನಾ ದಾರಿ ನೋಡಿದ್ಲು. ಊರ ಮಂದಿ ನಗ್ತಿದ್ರು."

"ನೆನಪಿಲ್ಲ ಅಂದ್ನೆಲ್ಲಾ?" ಬಾಗಿಲು ಹಾಕಿಕೊಂಡರು.

ನೆನಪಿತ್ತು. ಎಲ್ಲ ನೆನಪಿತ್ತು.

ಎಮರ್ಜನ್ಸಿಯ ವರ್ಷ. ಯಾರೂ ತುಟಿ ಬಿಚ್ಚದ ಕಾಲ. ಸರಕಾರದ ಮಾದರಿ ತೋಟಕ್ಕೆಂದು ಒಂದೇ ವಾರದಲ್ಲಿ ಹೊಲಗಳನ್ನು ಕಸಿದುಕೊಂಡರು. ಆಮೇಲೆ ಆ ರೈತರನ್ನೇ ಹಿಡಿದು ತಂದು ಬಾವಿ ತೋಡಿಸಿದರು. ಬಿಟ್ಟಿ ದುಡಿತ. ಒಲ್ಲೆ ಅಂದವನಿಗೆ ಜೈಲು. ಇಪ್ಪತ್ತೆರಡರ ಏಕನಾಥ ಅಲ್ಲಿ ಹಾಜರಿ ಕೂಗುವ ಕಾರಕೂನ. ನಿಯಮ ಸರಳ. ಹೆಸರನ್ನು ಮೂರು ಸಲ ಕೂಗುವುದು. ಅಷ್ಟರೊಳಗೆ "ಹಾಜರ್" ಅನ್ನದವನು ಗೈರಹಾಜರ್.

ಒಂದು ಸಂಜೆ ಬಾವಿಯ ದಂಡೆ ಕುಸಿಯಿತು. ಐದು ಜನ ಒಳಗೆ. ಮಣ್ಣಿನ ಕೆಳಗಿನಿಂದ ಗುದ್ದಲಿಯ ಸದ್ದು ಬರುತ್ತಿತ್ತು… ಠಣ್… ಠಣ್… ಇನ್ನೂ ಬದುಕಿದ್ದರು. ಸಾಹೇಬರು ಗಡಿಯಾರ ನೋಡಿಕೊಂಡರು. ತೆಗೆಸಿದರೆ ವಿಚಾರಣೆ, ಮೇಲಿನವರಿಗೆ ಉತ್ತರ. "ಮುಚ್ಚಿಬಿಡಿ" ಅಂದರು. ಮರುದಿನ ಬೆಳಿಗ್ಗೆ ಆ ಹಸಿ ಮಣ್ಣಿನ ಮೇಲೆಯೇ ನಿಂತು ಏಕನಾಥ ಐದು ಹೆಸರು ಕೂಗಿದ. ಒಂದೊಂದನ್ನೂ ಮೂರು ಸಲ. ಐದರ ಮುಂದೆಯೂ ಗೈರಹಾಜರ್ ಅಂತ ಬರೆದ.

ತೋಟ ಏಳಲಿಲ್ಲ. ನೆಲ ಕೈಯಿಂದ ಕೈಗೆ ಹೋಗಿ ಬಿಲ್ಡರನಿಗೆ ಸೇರಿತು. ಮಗ ಪ್ರಣವ ಅಲ್ಲೇ ಒಂಬತ್ತನೆಯ ಮಾಳಿಗೆಯಲ್ಲಿ ಮನೆ ಮಾಡಿದ. ಗೃಹಪ್ರವೇಶದ ದಿನ ಆಲದ ಮರವನ್ನು ಏಕನಾಥರು ಗುರುತು ಹಿಡಿದರು. ಬಾಯಿ ಮಾತ್ರ ಬಿಡಲಿಲ್ಲ.

ಆ ರಾತ್ರಿ ಅದೇ ಮರದ ಕೆಳಗೆ ಬಂದಾಗ ಟ್ರ್ಯಾಕಿನ ದೀಪ ಝಿಂಯ್ ಅಂದು ಆರಿತು. ಒಂದು ಎಲೆಯೂ ಅಲುಗಲಿಲ್ಲ. ತಮ್ಮ ಚಪ್ಪಲಿಯ ಚರಪರ ಒಂದೇ ಸದ್ದು. ಆಮೇಲೆ ಇನ್ನೊಂದು… ನೆಲದ ಒಳಗಿನಿಂದ.

ಠಣ್…

ಠಣ್…

ಏಕನಾಥರು ನಿಂತರು. ಗುದ್ದಲಿಯೂ ನಿಂತಿತು.

"ಧೋಂಡಿಬಾ…"

ಯಾರೋ ಕೂಗಿದರು. ಹರೆಯದ ದನಿ. ಎಲ್ಲೋ ಕೇಳಿದ ದನಿ. ಗುರುತು ಸಿಕ್ಕಿತು. ಅದು ಅವರದೇ ದನಿ.

"ಹಾಜರ್."

ಉತ್ತರ ಪಾದದ ಕೆಳಗಿನಿಂದ ಬಂತು. ಬಾಯಿ ತುಂಬ ಮಣ್ಣಿದ್ದವರು ಮಾತಾಡಿದ ಹಾಗೆ.

ಐದು ಹೆಸರು. ಐದು ಹಾಜರ್. ಆಮೇಲೆ ಹಾಳೆ ಮಗುಚಿದ ಸದ್ದು… ಸರಕ್…

"ಏಕನಾಥ…"

ನಮ್ಮ ಕಡೆ ಮಕ್ಕಳಿಗೆಲ್ಲ ಹೇಳಿಕೊಟ್ಟಿರುತ್ತಾರೆ. ರಾತ್ರಿ ಹೊತ್ತು ಕಾಣದವರು ಹೆಸರು ಹಿಡಿದು ಕರೆದರೆ ಓ ಅನ್ನಬಾರದು. ಓ ಅಂದರೆ ಜೀವ ಅವರ ಕೈಗೆ ಹೋಯಿತು. ಏಕನಾಥರ ತಾಯಿಯೂ ಅದನ್ನು ಹೇಳಿದ್ದಳು. ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಏಕನಾಥ…" ದನಿ ಹತ್ತಿರ ಬಂತು.

"ಏಕನಾಥ!" ಕಿವಿಯ ಪಕ್ಕದಲ್ಲೇ. ಹಸಿ ಮಣ್ಣಿನ ವಾಸನೆ. ನಾಲಿಗೆ ಕಚ್ಚಿ ರಕ್ತ ಬಂತು. ಆದರೂ ಓ ಅನ್ನಲಿಲ್ಲ.

ಆಮೇಲೆ… ಏನೂ ಇಲ್ಲ. ಉಳಿದೆ ಅಂದುಕೊಂಡರು.

ಕಾಗದದ ಮೇಲೆ ನಿಬ್ಬು ಕೆರೆಯಿತು. ಚರ್ರ್…

"ಗೈರಹಾಜರ್."

ಕೆಳಗೆ ಐದು ಜನ ಮೆಲ್ಲಗೆ ನಕ್ಕರು.

ದೀಪ ಬಂತು. ಏಕನಾಥರು ಓಡಿದರು. ಕಟ್ಟಡದ ಬಾಗಿಲಲ್ಲಿ ಕಾವಲಿಗೆ ಸುಹಾಸ ಕೂತಿದ್ದ. "ಸುಹಾಸ, ಒಂದೀಟು ನೀರು ಕೊಡೊ…" ಸುಹಾಸ ಅವರ ಆಚೆಗಿನ ಕತ್ತಲು ನೋಡಿ ಆಕಳಿಸಿದ. ಲಿಫ್ಟಿನ ಬಾಗಿಲು, ನಡುವೆ ಯಾರೂ ಇಲ್ಲವೆಂಬಂತೆ, ಅವರ ಭುಜದ ಮೇಲೇ ಮುಚ್ಚಿಕೊಳ್ಳಲು ಬಂತು. ಒಂಬತ್ತು ಮಾಳಿಗೆ ಹತ್ತಿದರು. ಗಂಟೆ ಒತ್ತಿದರು.

ಇಂದೂ ಅಜ್ಜಿ ಬಾಗಿಲು ತೆಗೆದಳು. ಆ ಕಡೆ ಈ ಕಡೆ ನೋಡಿದಳು. "ಯಾರೂ ಇಲ್ಲಲ್ಲಾ…" ಹಾಕಿಕೊಂಡಳು.

ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಒಳಗೆ ತಿರುಗಿ, "ಯಾವ ಹುಡುಗೂರು ಚ್ಯಾಷ್ಟಿ ಮಾಡ್ಲಿಕತ್ತಾವೋ, ಪ್ರಣವ. ನಿಮ್ಮಪ್ಪಾ ಇನ್ನೂ ಬಂದಿಲ್ಲ ನೋಡು. ಒಂದೀಟು ಕೂಗು," ಅಂದಳು.

ಪ್ರಣವ ಬಾಲ್ಕನಿಗೆ ಹೋದ. "ಅಪ್ಪಾ…" ಅಂದ. "ಅಪ್ಪಾ… ಅಪ್ಪಾ!" ಮೂರು ಸಲ.

ಮುಚ್ಚಿದ ಬಾಗಿಲ ಆಚೆ ಏಕನಾಥರು ಎರಡೂ ಅಂಗೈಯಿಂದ ಬಡಿಯುತ್ತ ಕಿರುಚಿದರು. "ಓ! ಹಾಜರ್! ಇಲ್ಲೇ ಇದ್ದೀನೋ… ಹಾಜರ್!"

ಎರಡು ದಿನ ಹುಡುಕಿದರು. ಪೊಲೀಸ ಪೆನ್ನಿನ ಟೋಪಿ ತೆಗೆಯುತ್ತ, "ಮುದುಕರು ಹೀಗೆ ಹೇಳದೆ ಕೇಳದೆ ಓಡಿ ಹೋಗುತ್ತಾರೆ" ಅಂದ. ಹಾಗೇ ಬರೆದ.

ಅಳುತ್ತ ಕೂತ ಇಂದೂ ಅಜ್ಜಿಯ ಹತ್ತಿರ ಮುಕ್ತಾ ಬಂದಳು.

"ಆಜಿ, ಮೂರು ಸಲ ಕೂಗಿದ್ರೇನ್ರಿ?"

"ಕೂಗಿದ್ವೆವ್ವಾ. ಓ ಅನ್ನಲಿಲ್ಲ."

"ಹೂಂ," ಅಂದಳು ಮುಕ್ತಾ. ಗಿಡಕ್ಕೆ ನೀರು ಬಿಡಲು ಹೋದಳು.

ಇಂದೂ ಅಜ್ಜಿ ಇವತ್ತಿಗೂ ಕುಂಕುಮ ಅಳಿಸಿಲ್ಲ. ದಿನಾ ಬಾಲ್ಕನಿಯಲ್ಲಿ ನಿಂತು ದಾರಿ ನೋಡುತ್ತಾಳೆ. ಎದುರು ಮನೆಯವರು ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಾರೆ.

ನಂಬದಿದ್ದರೆ ಬೇಡ. ಬಾಗಿಲ ಗಂಟೆಗಿರುವ ಕ್ಯಾಮೆರಾದಲ್ಲಿ ಆ ರಾತ್ರಿಯದು ಹಾಗೇ ಇದೆ. ಪ್ರಣವನೇ ಹಾಕಿ ತೋರಿಸಿದ. ಬಾಗಿಲು ಮೂರು ಸಲ ತೆರೆಯುತ್ತದೆ, ಹೊರಗೆ ಯಾರೂ ಇಲ್ಲ. ಏಕನಾಥರ ದನಿ ಮಾತ್ರ ಉಳಿದಿದೆ. ಕಿವಿ ಇದ್ದವರು ಯಾರಾದರೂ ಹೋಗಿ ಕೇಳಬಹುದು.

ಇನ್ನೊಂದು ಮಾತು. ಪ್ರತಿ ಜೂನ್ ತಿಂಗಳಲ್ಲಿ ಬಾವಿಯ ಮೇಲೆ ಹಾಸಲು ಐದು ಪಟ್ಟಿ ಹುಲ್ಲು ಬೇಕೆಂದು ಮುಕ್ತಾ ಸೊಸೈಟಿ ಆಫೀಸಿಗೆ ಚೀಟಿ ಕೊಡುತ್ತಾಳೆ.

ಈ ಸಲ ಚೀಟಿಯಲ್ಲಿ ಆರು ಇತ್ತು.