ಅತ್ತೆ ಸೊಸೆಗೆ ಒಂದೇ ಡಬ್ಬಿ ಗುಂಡು

ಬಂದೂಕಿನ ಅಂಗಡಿಯಲ್ಲಿ ಗುಂಡು ಕೊಳ್ಳುವವರ ಸಾಲಿನ ಕೊನೆಗೆ ಊರಿನ ಗಡಿಯಾರ ರಿಪೇರಿಯವನು, ಅವನ ಮುಂದೆ ನಿಂತಿದ್ದವರು ಅತ್ತೆ ಮತ್ತು ಸೊಸೆ. ಮೂವರೂ ಭಾನುವಾರದ ಗುರಿ ಸ್ಪರ್ಧೆಗೆ ಹೆಸರು ಕೊಟ್ಟವರು. ಗುಂಡಿನ ಬೆಲೆ ಮತ್ತೆ ಏರಿತ್ತು. ಇರುವುದು ಇದೊಂದೇ ಎಂದು ಅಂಗಡಿಯವನು ಕೊನೆಯ ಡಬ್ಬಿಯನ್ನು ಅವರ ಮುಂದಿಟ್ಟ.

"ಕುಡಿಯೋ ಗುಂಡು ಬೀದಿಗೊಂದು ಅಂಗಡೀಲಿ ಸಿಗುತ್ತೆ. ಹೊಡೆಯೋ ಗುಂಡಿಗೆ ಬರ ನೋಡು," ಎಂದರು ಅತ್ತೆ.

"ನೀವೇ ತಗೊಳ್ಳಿ ಅತ್ತೆ. ನಾನು ಮುಂದಿನ ವರ್ಷ ನೋಡ್ತೀನಿ."

"ನೀನಿಲ್ಲದೆ ಗೆದ್ದು ಯಾರ ಮುಂದೆ ಮೆರೀಲಿ? ಅರ್ಧ ಅರ್ಧ ಮಾಡ್ಕೊಳ್ಳೋಣ."

"ಅರ್ಧ ಅಂದ್ರೆ ಸ್ಪರ್ಧೆಗೇ ಸರಿಹೋಗುತ್ತೆ. ಪ್ರಾಕ್ಟೀಸಿಗೆ?"

"ನಂದು ಆಗಿದೆ. ದಿನಾ ಬೆಳಿಗ್ಗೆ ಖಾಲಿ ಬಂದೂಕಿನ ಟ್ರಿಗರ್ ಎಳೆದೂ ಎಳೆದೂ ಬೆರಳು ಪಳಗಿದೆ."

"ಅಯ್ಯೋ, ಆ ಟಕ್ ಟಕ್ ನಿಮ್ಮದಾ? ನಿಮ್ಮ ಮಗ ಹಲ್ಲಿ ಅಂತ ಪೊರಕೆ ಹಿಡ್ಕೊಂಡು ಮನೆಯೆಲ್ಲ ಹುಡುಕಿದ್ರು!"

"ಅವನ ಮಾತು ಬಿಡು. ಮಧ್ಯಾಹ್ನ ಅವನಿಲ್ಲದಾಗ ನಿನ್ನ ರೂಮಲ್ಲಿ ಟಕ್ ಅನ್ನೋ ಹಲ್ಲಿ ಯಾವುದಮ್ಮ?"

ಸೊಸೆಯ ಮುಖ ಕೆಂಪಾಯಿತು. ಆಮೇಲೆ ಇಬ್ಬರೂ ನಕ್ಕ ರಭಸಕ್ಕೆ ಅಂಗಡಿಯವನೇ ಬೆಚ್ಚಿದ.

"ಭಾನುವಾರ ಸೊಸೆ ಅಂತ ಬಿಟ್ಟುಕೊಡ್ತೀನಿ ಅಂದ್ಕೋಬೇಡ."

"ಅತ್ತೆ ಅಂತ ನನ್ನ ಕೈಯೂ ನಡುಗಲ್ಲ."

ಡಬ್ಬಿ ಕೊಂಡು, ಬಾಗಿಲಲ್ಲಿ ನೀವು ಮುಂದೆ, ನೀನು ಮುಂದೆ ಎಂದು ಒಬ್ಬರನ್ನೊಬ್ಬರು ತಳ್ಳುತ್ತ ಇಬ್ಬರೂ ಬೀದಿಗಿಳಿದರು. ಬರಿಗೈಯಲ್ಲಿ ಉಳಿದ ಗಡಿಯಾರ ರಿಪೇರಿಯವನು ಭಾನುವಾರದ ಸ್ಪರ್ಧೆ ನೋಡಲು ಜನರನ್ನು ಎಷ್ಟು ಹೊತ್ತಿಗೆ ಒಳಗೆ ಬಿಡುತ್ತಾರೆಂದು ಅಂಗಡಿಯವನನ್ನು ಕೇಳಿದ.